ಒಂದೂವರೆ ಸಲ ಹತ್ತಿದ ಬೆಟ್ಟ

ಗ್ರೋಸರ್ ಮೀಟನ್ ಬೆಟ್ಟದ ಎತ್ತರ 1898 ಮೀಟರ್. ನಮ್ಮ ಮುಳ್ಳಯ್ಯನಗಿರಿ ಸುಮಾರು 1930. ಅಂದರೆ ಸ್ವಿಟ್ಜರ್ಲೆಂಡಿನ ಈ ಬೆಟ್ಟ ನಮ್ಮೂರ ಬೆಟ್ಟಕ್ಕಿಂತ ಮೂವತ್ತು ಮೀಟರ್ ಗಿಡ್ಡ. ಮೊದಲ ಸಲ ನನ್ನನ್ನು ಕೆಡಿಸಿದ್ದೇ ಈ ಲೆಕ್ಕ.

ನಾನು ಚಿಕ್ಕಮಗಳೂರು ಕಡೆಯವಳು. ಹೈಸ್ಕೂಲಿನಲ್ಲಿದ್ದಾಗ ಹವಾಯಿ ಚಪ್ಪಲಿ ಹಾಕಿಕೊಂಡು ಮುಳ್ಳಯ್ಯನಗಿರಿ ಹತ್ತಿ ಇಳಿದವಳು. ಈಗ ಇರುವುದು ಜ್ಯೂರಿಕ್ ಹತ್ತಿರ, ವಯಸ್ಸು ನಲವತ್ತೆರಡು. ಮಳೆ ಬಂದು ಗಾಳಿ ಚೊಕ್ಕಟವಾದ ದಿನ ಜ್ಯೂರಿಕ್ ಸರೋವರದ ದಂಡೆಯಲ್ಲಿ ನಿಂತರೆ ದೂರದಲ್ಲಿ ಎರಡು ಕೋರೆಹಲ್ಲು ಕಾಣುತ್ತವೆ. ದೊಡ್ಡದು ಗ್ರೋಸರ್ ಮೀಟನ್, ಪಕ್ಕದ್ದು ಕ್ಲೈನರ್ ಮೀಟನ್, 1811 ಮೀಟರ್. ಬರೆದಿರುವುದನ್ನು ನೋಡಿದರೆ ‘ಮಿಥೆನ್’ ಅಂತ ಓದಬೇಕು ಅನ್ನಿಸುತ್ತದೆ. ನಾನು ಹಾಗೇ ಓದುತ್ತಿದ್ದೆ. ಆಫೀಸಿನಲ್ಲಿ ಶ್ವೀಟ್ಸ್ ಊರಿನ ಒಬ್ಬರು ‘ಮೀ’ ಅಂತ ಎಳೆದು ತಿದ್ದಿದರು. ವೀಣೆ ಮೀಟುತ್ತಾರಲ್ಲ, ಹಾಗೆ ನೆನಪಿಟ್ಟುಕೊಂಡೆ.

ಒಂದು ತಮಾಷೆ ಏನೆಂದರೆ, ಎರಡರಲ್ಲಿ ದೊಡ್ಡದೇ ಸುಲಭ. ದೊಡ್ಡದಕ್ಕೆ 1864ರಲ್ಲೇ ಬಂಡೆ ಕಡಿದು ದಾರಿ ಮಾಡಿದ್ದಾರೆ. ಚಿಕ್ಕದಕ್ಕೆ ಅಂಥ ದಾರಿಯಿಲ್ಲ, ಕೈಯೂರಿ ಬಂಡೆ ಹತ್ತಬೇಕು. ದೊಡ್ಡದಕ್ಕೆ ಹಗ್ಗ ಬೇಡ, ಹೆಲ್ಮೆಟ್ ಬೇಡ, ಗೈಡ್ ಬೇಡ. ಇಲ್ಲಿನ ನಡಿಗೆ ದಾರಿಗಳಿಗೆ ಬಣ್ಣದ ಗುರುತಿದೆ. ಬರೀ ಹಳದಿ ಇದ್ದರೆ ಯಾರು ಬೇಕಾದರೂ ನಡೆಯಬಹುದು. ಬಿಳಿ-ಕೆಂಪು-ಬಿಳಿ ಇದ್ದರೆ ಬೆಟ್ಟದ ದಾರಿ, ತಲೆ ಸುತ್ತುವವರಿಗಲ್ಲ. ಬಿಳಿ-ನೀಲಿ-ಬಿಳಿ ಇದ್ದರೆ ಪಳಗಿದವರಿಗೆ ಮಾತ್ರ. ಮೀಟನ್ ದಾರಿಗೆ ನಡುವಿನ ಬಣ್ಣ. ಸ್ವಿಸ್ ಪರ್ವತಾರೋಹಣ ಸಂಘದ ಆರು ಮೆಟ್ಟಿಲಿನ ಅಳತೆಯಲ್ಲಿ ಮೂರನೆಯದು. ಇದನ್ನೆಲ್ಲ ಮೊದಲೇ ಓದಿದ್ದೆ. ‘ತಲೆ ಸುತ್ತುವವರಿಗಲ್ಲ’ ಅನ್ನುವ ಮಾತನ್ನು ಮಾತ್ರ ಬೇರೆ ಯಾರಿಗೋ ಹೇಳಿದ್ದು ಅಂದುಕೊಂಡಿದ್ದೆ.

ಮೊದಲ ಸಲ ಹೋಗಿದ್ದು ಅಕ್ಟೋಬರಿನಲ್ಲಿ, ನಮ್ಮ ಯಜಮಾನರ ಜೊತೆ. ಹಿಂದಿನ ದಿನ ಮಳೆ ಬಂದಿತ್ತು. ಹೊರಟಿದ್ದೂ ತಡ. ಜ್ಯೂರಿಕ್‌ನಿಂದ ಐನ್‌ಸೀಡೆಲ್ನ್‌ಗೆ ರೈಲು, ಅಲ್ಲಿಂದ ಬ್ರೂನಿ ಅನ್ನುವ ಹಳ್ಳಿಗೆ ಬಸ್ಸು, ಅಲ್ಲಿಂದ ಹೋಲ್ಟ್ಸ್‌ಎಗ್‌ಗೆ ಕೇಬಲ್ ಕಾರು. ಐನ್‌ಸೀಡೆಲ್ನ್‌ನಲ್ಲಿ ದೊಡ್ಡ ಮಠವಿದೆ, ಒಳಗೆ ಕಪ್ಪು ಬಣ್ಣದ ಮೇರಿ ಮಾತೆ. ದೂರದೂರದಿಂದ ಜನ ಹರಕೆ ಹೊತ್ತು ಬರುತ್ತಾರೆ. ನಾವೂ ಹೋಗಿ ಕೈ ಮುಗಿದೆವು. ಒಂದು ಗಂಟೆ ಅಲ್ಲೇ ಹೋಯಿತು.

ಹೋಲ್ಟ್ಸ್‌ಎಗ್ 1405 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ತುದಿಗೆ ಐನೂರು ಮೀಟರ್ ಏರು, ಒಂದೂವರೆ ಗಂಟೆ ನಡಿಗೆ. ಕೆಳಗಿನಿಂದ ನೋಡಿದರೆ ದಾರಿಯೇ ಕಾಣುವುದಿಲ್ಲ. ಬೂದು ಗೋಡೆಯೊಂದು ಎದ್ದು ನಿಂತಿರುತ್ತದೆ, ಅಲ್ಲಲ್ಲಿ ಹುಲ್ಲಿನ ತೇಪೆ. ಕಣ್ಣು ಕಿರಿದು ಮಾಡಿ ನೋಡಿದರೆ ಆ ಗೋಡೆಯ ಮೇಲೆ ಬಣ್ಣ ಬಣ್ಣದ ಇರುವೆಗಳು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹರಿದಾಡುತ್ತವೆ. ಅವು ಮನುಷ್ಯರು. “ರೀ, ಅಲ್ಲಿಗಾ ನಾವು ಹೋಗೋದು?” ಅಂದೆ. “ಮಕ್ಕಳು ಹೋಗ್ತಿದಾವೆ ನೋಡು” ಅಂದರು ಇವರು. ನಿಜ, ಮಕ್ಕಳೂ ಇದ್ದರು.

ತಿರುವುಗಳು 47 ಅಂತಾರೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿಗೇ ಬಸ್ಸಿನಲ್ಲಿ ಸುಣ್ಣ ಬಳಿದ ಮುಖ ಮಾಡಿಕೊಳ್ಳುತ್ತಿದ್ದವಳು ನಾನು. ಇಲ್ಲಿ ಕಾಲಲ್ಲಿ 47. ಮೊದಲ ಹತ್ತು ಹದಿನೈದು ತಿರುವು ಸುಖವಾಗಿ ಹೋದವು. ದಾರಿ ಒಂದೂವರೆ ಅಡಿಯಿಂದ ಮೂರು ಅಡಿ ಅಗಲ. ಬೇಕಾದ ಕಡೆ ಗೋಡೆಗೆ ಸರಪಳಿ ಹೊಡೆದಿದ್ದಾರೆ. ತೊಂದರೆ ಬಂದಿದ್ದು ಕಲ್ಲಿನಿಂದ.

ಈ ಕಲ್ಲಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಸುಣ್ಣದ ಕಲ್ಲು. ನೂರೈವತ್ತಕ್ಕೂ ಹೆಚ್ಚು ವರ್ಷದಿಂದ ಜನ ತುಳಿದು ತುಳಿದು ಹಳೇ ದೇವಸ್ಥಾನದ ಹೊಸ್ತಿಲಿನ ಹಾಗೆ ನುಣ್ಣಗಾಗಿದೆ. ಅದೂ ಎಲ್ಲರೂ ಕಾಲಿಡುವ ಜಾಗದಲ್ಲೇ ಜಾಸ್ತಿ. ಒಣಗಿದ್ದರೆ ಪರವಾಗಿಲ್ಲ. ಮೇಲೆ ನೀರಿನ ಪಸೆ ಇದ್ದರೆ ಸೋಪು ಸವರಿದ ಹಾಗೆ. ನಾನು ಹಾಕಿದ್ದು ದಿನಾ ವಾಕಿಂಗ್‌ಗೆ ಹಾಕುವ ಶೂ, ಅಡಿ ಸವೆದು ಚಪ್ಪಟೆಯಾಗಿತ್ತು. ಒಂದು ತಿರುವಿನಲ್ಲಿ ಎಡಗಾಲು ಸರ್ರನೆ ಜಾರಿತು. ಬಿದ್ದಿದ್ದು ಗೋಡೆಯ ಕಡೆಗೆ, ಅಂಗೈ ತರಚಿತು, ಅಷ್ಟೇ. ಆದರೆ ಬೀಳುವಾಗ ಒಂದು ಕ್ಷಣ ಆ ಕಡೆ ನೋಡಿಬಿಟ್ಟೆ. ಆ ಕಡೆ ಏನೂ ಇರಲಿಲ್ಲ. ಹೋಲ್ಟ್ಸ್‌ಎಗ್‌ನ ಹೋಟೆಲಿನ ಚಾವಣಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು, ಅದೂ ಕಾಲಿನ ನೇರ ಕೆಳಗೆ ಇದೆಯೇನೋ ಅನ್ನುವ ಹಾಗೆ.

ಅಲ್ಲಿಂದ ಮುಂದೆ ನಾನು ನಡೆದಿದ್ದು ನಡಿಗೆಯಲ್ಲ. ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಗೋಡೆಗೆ ಅಂಟಿಕೊಂಡು ಹಲ್ಲಿ ಥರ ಸರಿದೆ. ಅರ್ಧಕ್ಕಿಂತ ಸ್ವಲ್ಪ ಮೇಲೆ ಹುಲ್ಲಿನ ಕಡಿದಾದ ಇಳಿಜಾರು ಸಿಗುತ್ತದೆ. ಅದರ ಹೆಸರು ಟೋಟನ್‌ಪ್ಲಾಂಗ್, ಅಂದರೆ ಸತ್ತವರ ಇಳಿಜಾರು. ಜರ್ಮನ್ ಬರದಿದ್ದರೆ ಒಳ್ಳೆಯದಿತ್ತು ಅನ್ನಿಸಿದ್ದು ಅವತ್ತು ಒಂದೇ ದಿನ. ಅಲ್ಲಿ ಕೂತುಬಿಟ್ಟೆ. “ಸಾಕು ರೀ, ನನ್ನ ಕೈಲಾಗಲ್ಲ” ಅಂದೆ. ಇವರು ಮೇಲೆ ನೋಡಿದರು, ವಾಚು ನೋಡಿದರು, “ಇಳಿಯೋಣ ಬಾ” ಅಂದರು. ಒತ್ತಾಯ ಮಾಡಲಿಲ್ಲ, ಅದೊಂದು ಪುಣ್ಯ. ಇಳಿಯುವುದಕ್ಕೆ ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕೊನೆಯ ಕೇಬಲ್ ಕಾರು ತಪ್ಪಿತು. ಬ್ರೂನಿಯವರೆಗೂ ಮಬ್ಬುಗತ್ತಲಲ್ಲಿ ನಡೆದು, ಬಸ್ಸಿಗೆ ಕಾದು, ಮನೆ ಸೇರುವಾಗ ರಾತ್ರಿ ಹತ್ತು.

ಆ ಚಳಿಗಾಲವೆಲ್ಲ ಆ ಕೋರೆಹಲ್ಲು ಕಾಣುವಾಗೆಲ್ಲ ಹಲ್ಲುನೋವು ಬಂದ ಹಾಗಾಗುತ್ತಿತ್ತು. ಸುಸ್ತಾಗಿ ವಾಪಸ್ ಬಂದಿದ್ದರೆ ಬೇಜಾರಿರಲಿಲ್ಲ. ಉಸಿರು ಚೆನ್ನಾಗೇ ಇತ್ತು, ಕಾಲಲ್ಲಿ ಶಕ್ತಿ ಇತ್ತು. ಮುಳ್ಳಯ್ಯನಗಿರಿಯಲ್ಲಿ ಇಲ್ಲದ ಹೆದರಿಕೆ ಇಲ್ಲಿ ಯಾಕೆ ಅಂತ ಯೋಚಿಸಿದೆ. ಅಲ್ಲಿ ಬೆಟ್ಟ ಎಲ್ಲಾ ಕಡೆಗೂ ಇಳಿಯುತ್ತದೆ, ಬಿದ್ದರೆ ಹುಲ್ಲಿನ ಮೇಲೆ ಉರುಳುತ್ತೇವೆ. ಇಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ಗಾಳಿ. ಸಮುದ್ರದಿಂದ ಎಷ್ಟು ಎತ್ತರ ಅನ್ನುವ ಲೆಕ್ಕ ಇಲ್ಲಿ ಕೆಲಸಕ್ಕೇ ಬರುವುದಿಲ್ಲ. ಈ ದಾರಿಯಲ್ಲಿ ಜಾರಿ ಬಿದ್ದು ಸತ್ತವರೂ ಇದ್ದಾರೆ.

ಹಾಗಾಗಿ ನಾನು ಬೆಟ್ಟಕ್ಕೆ ತಯಾರಿ ಮಾಡಲಿಲ್ಲ, ಗಾಳಿಯ ಕಡೆಗೆ ಮಾಡಿದೆ. ಜ್ಯೂರಿಕ್ ಪಕ್ಕದಲ್ಲೇ ಊಟ್ಲಿಬರ್ಗ್ ಅಂತ ಗುಡ್ಡವಿದೆ, 870 ಮೀಟರ್ ಎತ್ತರ. ತುದಿಯಲ್ಲಿ ಉಕ್ಕಿನ ಗೋಪುರ. ಮೆಟ್ಟಿಲ ಸಂದಿಯಿಂದ ನೆಲ ಕಾಣುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಶನಿವಾರ ಶನಿವಾರ ಹೋಗಿ ಅದನ್ನು ಹತ್ತಲು ಶುರು ಮಾಡಿದೆ. ಮೊದಲ ವಾರ ಎರಡೂ ಕೈಯಲ್ಲಿ ಕಂಬಿ ಹಿಡಿದು ಅರ್ಧಕ್ಕೆ ನಿಂತೆ. ಐದಾರು ವಾರದ ಮೇಲೆ ಒಂದು ಕೈ ಸಾಕಾಯಿತು. ಹೆದರಿಕೆ ಹೋಗಲಿಲ್ಲ. ಆದರೆ ಅದು ಬಂದಾಗ ಏನು ಮಾಡಬೇಕು ಅನ್ನುವುದು ಗೊತ್ತಾಯಿತು: ನಿಲ್ಲಬೇಕು, ದೂರ ನೋಡಬಾರದು, ಕೆಳಗೂ ನೋಡಬಾರದು, ಮುಂದಿನ ಎರಡು ಹೆಜ್ಜೆ ಇಡುವ ಜಾಗ ಮಾತ್ರ ನೋಡಬೇಕು, ಉಸಿರನ್ನು ಜೋರಾಗಿ ಹೊರಗೆ ಬಿಡಬೇಕು. ನೋಟ ನೋಡಬೇಕೆಂದರೆ ನಿಂತು ನೋಡಬೇಕು. ನಡೆಯುತ್ತ ನೋಟ ನೋಡುವ ಆಸೆ ಬಿಟ್ಟುಬಿಟ್ಟೆ.

ಮತ್ತೆ ಶೂ. ಅಂಗಡಿಗೆ ಹೋಗಿ ಕಣಕಾಲು ಮುಚ್ಚುವ, ಅಡಿಯಲ್ಲಿ ಒಳ್ಳೇ ಹಿಡಿತ ಇರುವ ಶೂ ತೊಗೊಂಡೆ. ಬೆಲೆ ಹೇಳಲ್ಲ, ಅಮ್ಮ ಓದುತ್ತಾರೆ. ತೊಳೆಯಬಹುದಾದ ತೆಳು ಕೈಗವಸು ಕೂಡ ತೊಗೊಂಡೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಾರನೇ ವರ್ಷ ಜುಲೈಯಲ್ಲಿ ನನ್ನ ತಮ್ಮ ಊರಿನಿಂದ ಬಂದ. ಇಪ್ಪತ್ತೊಂಬತ್ತು ವರ್ಷ, ಕಾಫಿ ತೋಟದಲ್ಲಿ ದಿನವಿಡೀ ಏರಿಳಿಯುವ ಆಳು. ಯಜಮಾನರಿಗೆ ಆಫೀಸಿತ್ತು. ಮೂರು ದಿನ ಮಳೆ ಇಲ್ಲದ್ದು ನೋಡಿಕೊಂಡು ವಾರದ ನಡುವೆ ಹೊರಟೆವು. ಭಾನುವಾರ ಹೋಗಬೇಡಿ, ತಿರುವಿಗೊಂದು ಸಂಸಾರ ನಿಂತಿರುತ್ತದೆ. ಚಳಿಗಾಲದಲ್ಲಂತೂ ದಾರಿ ಮುಚ್ಚಿರುತ್ತದೆ. ಮತ್ತೆ ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನ ಕಾಟ, ಕಬ್ಬಿಣದ ಸರಪಳಿ ಹಿಡಿದುಕೊಂಡು ಮಿಂಚಿಗೆ ಸಿಗುವುದು ಯಾರಿಗೆ ಬೇಕು? ಈ ಸಲ ಮಠದ ಮುಂದೆ ಬಸ್ಸಿನಿಂದಲೇ ಕೈ ಮುಗಿದೆ. ಒಂಬತ್ತಕ್ಕೆಲ್ಲ ಹೋಲ್ಟ್ಸ್‌ಎಗ್‌ನಲ್ಲಿದ್ದೆವು.

ದಾರಿ ಇರುವುದು ಬೆಟ್ಟದ ಪೂರ್ವದ ಮೈಮೇಲೆ. ಬೆಳಿಗ್ಗೆಯ ಬಿಸಿಲು ನೇರ ಬೀಳುತ್ತದೆ. ಕಲ್ಲು ಆಗಲೇ ಬೆಚ್ಚಗೆ ಒಣಗಿತ್ತು. ಹೊಸ ಶೂ ಅದಕ್ಕೆ ಕಚ್ಚಿಕೊಳ್ಳುತ್ತಿತ್ತು. ನಾನು ಮುಂದೆ, ತಮ್ಮ ಹಿಂದೆ. ಅವನಿಗೆ ಮುಂದೆ ಹೋಗುವ ಆಸೆ, ಆದರೆ ನಾನು ಬಿಡಲಿಲ್ಲ. ಹೆದರುವವರು ಮುಂದೆ ಇರಬೇಕು, ಆಗ ನಡಿಗೆಯ ವೇಗ ಅವರದ್ದಾಗುತ್ತದೆ. ಹಿಂದೆ ಇದ್ದರೆ ಓಡಿ ಹಿಡಿಯುವ ಆತುರ ಹುಟ್ಟುತ್ತದೆ. ಊರುಗೋಲು ತಂದಿದ್ದೆ, ಬುಡದಲ್ಲೇ ಮಡಿಸಿ ಚೀಲಕ್ಕೆ ಸೇರಿಸಿದೆ. ಸರಪಳಿ ಇರುವ ಕಡೆ ಕೈ ಖಾಲಿ ಇರಬೇಕು.

ಸರಪಳಿ ಹಿಡಿಯುವುದಕ್ಕೂ ಒಂದು ಕ್ರಮ ಇದೆ, ನನಗೆ ಮೊದಲ ಸಲ ಗೊತ್ತಿರಲಿಲ್ಲ. ಪ್ರತಿ ಮೂರು ನಾಲ್ಕು ಹೆಜ್ಜೆಗೆ ಅದನ್ನು ಬಂಡೆಗೆ ಕಚ್ಚಿಸಿದ ಕಬ್ಬಿಣದ ಗೂಟ ಸಿಗುತ್ತದೆ. ಗೂಟದ ಹತ್ತಿರ ಕೈ ಬಿಟ್ಟು ಆಚೆ ಹಿಡಿಯಬೇಕು. ನಾನು ಅವತ್ತು ಎರಡೂ ಕೈಯಲ್ಲಿ ಒಂದೇ ಜಾಗ ಹಿಡಿದಿದ್ದೆ, ಗೂಟ ಬಂದ ಕೂಡಲೇ ಎರಡೂ ಬಿಡಬೇಕಾಗುತ್ತಿತ್ತು. ಈಗ ಒಂದು ಕೈ ಗೂಟದ ಆಚೆ ಹೋಗಿ ಹಿಡಿದ ಮೇಲೆಯೇ ಇನ್ನೊಂದನ್ನು ಬಿಟ್ಟೆ. ಜೋತು ಬೀಳಬಾರದು. ಸರಪಳಿ ಸಡಿಲವಾಗಿರುತ್ತದೆ, ಎಳೆದರೆ ನಮ್ಮ ಕಡೆಗೇ ತೂಗಿ ಬರುತ್ತದೆ. ಅದು ಸುಮ್ನೆ ಧೈರ್ಯಕ್ಕೆ, ಭಾರ ಕಾಲ ಮೇಲೇ ಇರಬೇಕು. ಜನರ ಕೈ ತಾಗಿ ತಾಗಿ ಕೊಂಡಿಗಳ ಮೇಲ್ಭಾಗ ಬೆಳ್ಳಿ ಕಾಲುಂಗುರದ ಹಾಗೆ ಹೊಳೆಯುತ್ತಿತ್ತು, ಕೆಳಭಾಗ ಕಪ್ಪು. ಬೆವರಿದ ಅಂಗೈಗೆ ಅದು ಜಾರುತ್ತದೆ. ಕೈಗವಸು ಅದಕ್ಕೇ.

ಮೇಲಿನಿಂದ ಇಳಿಯುವವರು ಸಿಕ್ಕರೆ ಹತ್ತುವವರಿಗೆ ದಾರಿ ಬಿಡುವುದು ಇಲ್ಲಿನ ವಾಡಿಕೆ. ಆದರೆ ನಾನು ವಾಡಿಕೆ ಎಲ್ಲ ನೋಡಲಿಲ್ಲ. ಯಾರು ಬಂದರೂ ನಾನೇ ಗೋಡೆಗೆ ಒರಗಿ ನಿಂತು, “ಗ್ರೂಯೆಟ್ಸಿ” ಅಂತ ನಮಸ್ಕಾರ ಹೇಳಿ, ಅವರನ್ನೇ ಆಚೆಯಿಂದ ಕಳಿಸಿದೆ. ಗಾಳಿಯ ಕಡೆ ನಿಲ್ಲುವ ದೊಡ್ಡಸ್ತಿಕೆ ನನಗೆ ಬೇಡ. ಎಪ್ಪತ್ತು ದಾಟಿದ ಒಬ್ಬರು ಅಂಗಡಿಗೆ ಹಾಲು ತರಲು ಹೊರಟವರ ಹಾಗೆ ಬರಿಗೈಯಲ್ಲಿ ಇಳಿದು ಬಂದರು. ವಾರಕ್ಕೆ ಮೂರು ಸಲ ಹತ್ತುತ್ತಾರಂತೆ. ಈ ಸೀಮೆಯಲ್ಲಿ ಈ ಬೆಟ್ಟವನ್ನೇ ಸಾವಿರ ಸಾವಿರ ಸಲ ಹತ್ತಿದವರಿದ್ದಾರೆ. ನನ್ನ ಕೈಗವಸು ನೋಡಿ ಅವರು ತಲೆದೂಗಿದರು. ಅದು ಮೆಚ್ಚುಗೆಯೋ, ಜುಲೈಯಲ್ಲಿ ಕೈಗವಸು ಹಾಕಿದ್ದಕ್ಕೆ ನಗುವೋ ಗೊತ್ತಾಗಲಿಲ್ಲ.

ಟೋಟನ್‌ಪ್ಲಾಂಗ್ ಬಂದಾಗ ನಾನು ಅವತ್ತು ಕೂತಿದ್ದ ಕಲ್ಲು ಹುಡುಕಿದೆ. ಸಿಕ್ಕಿತು. ಅಲ್ಲೇ ಕೂತು ಇಬ್ಬರೂ ಕೋಡುಬಳೆ ತಿಂದೆವು. “ಇಲ್ಲಿಂದ ವಾಪಸ್ ಹೋದೆಯಾ ಅಕ್ಕ?” ಅಂದ. “ಹೂಂ.” ಅವನು ಕೆಳಗೆ ಬಗ್ಗಿ ನೋಡಿ, ಬೇಗ ತಲೆ ಹಿಂದಕ್ಕೆ ತೊಗೊಂಡು, “ಸರಿಯಾಗೇ ಮಾಡಿದೀಯ ಬಿಡು” ಅಂದ.

ಅಲ್ಲಿಂದ ಮೇಲೆ ಕಲ್ಲಿನ ಬಣ್ಣ ಬದಲಾಗುತ್ತದೆ. ಬೂದು ಹೋಗಿ ಕೆಂಪು ಬರುತ್ತದೆ, ನಮ್ಮೂರ ಜಂಬಿಟ್ಟಿಗೆಯ ಕಡುಕೆಂಪಲ್ಲ, ತೊಳೆದು ಮಾಸಿದ ಕೆಂಪು. ತಮ್ಮ ಕಾರಣ ಕೇಳಿದ. ನನಗೆ ಗೊತ್ತಿದ್ದಷ್ಟು ಹೇಳಿದೆ. ಈ ಬೆಟ್ಟ ಇಲ್ಲಿಯದಲ್ಲ. ಆಲ್ಪ್ಸ್ ಎದ್ದಾಗ ದಕ್ಷಿಣದ ಕಡೆಯಿಂದ ತಳ್ಳಿಸಿಕೊಂಡು ಬಂದ ಕಲ್ಲಿನ ಹಾಳೆಯೊಂದರ ಚೂರು. ಸುತ್ತಲಿನದೆಲ್ಲ ಸವೆದು ಹೋಗಿ ಇಷ್ಟು ಉಳಿದಿದೆ. ವಿಚಿತ್ರ ಅಂದರೆ ಹಳೇ ಕಲ್ಲು ಮೇಲಿದೆ, ಕೆಳಗೆ ದನ ಮೇಯುವ ಹುಲ್ಲುಗಾವಲಿನ ಅಡಿ ಇರುವುದು ಅದಕ್ಕಿಂತ ಹೊಸ, ಮೆದು ಕಲ್ಲು. “ಮೊಮ್ಮಗನ ಹೆಗಲ ಮೇಲೆ ಅಜ್ಜ ಕೂತ ಹಾಗೆ” ಅಂದ. ಭೂವಿಜ್ಞಾನದವರು ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ.

ಆಮೇಲೆ ಬಂತು ರೋಟ್ ಗ್ರೇಟ್ಲಿ, ಕೆಂಪು ಏಣು. ನಾನು ಊಟ್ಲಿಬರ್ಗ್ ಗೋಪುರದಲ್ಲಿ ಪಟ್ಟ ಪಾಡೆಲ್ಲ ಈ ಕೆಲವು ಹೆಜ್ಜೆಗೆ. ಇಲ್ಲಿಯವರೆಗೂ ಒಂದು ಕಡೆ ಗೋಡೆ ಇತ್ತು. ಇಲ್ಲಿ ಎರಡೂ ಕಡೆ ಗಾಳಿ. ಹಿಡಿಯಲು ಆಸರೆ ಇದೆ, ದಾರಿ ಅಗಲವಾಗೇ ಇದೆ, ನೆಲದ ಮೇಲೆ ಇದೇ ಅಗಲದ ಪಟ್ಟಿ ಎಳೆದರೆ ಕಣ್ಣು ಮುಚ್ಚಿ ನಡೆಯಬಹುದು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಕಾಲಿಗೆ ಕೇಳಿಸಲಿಲ್ಲ. ನಿಂತೆ. ಉಸಿರು ಬಿಟ್ಟೆ. ಹಿಂದಿನಿಂದ ತಮ್ಮ, “ಅಕ್ಕಾ, ತೋಟದ ಏರಿ ಮೇಲೆ ಹೋಗ್ತಿದೀಯ ಅಂದ್ಕೋ” ಅಂದ. “ಸುಮ್ನಿರೋ” ಅಂದೆ. ಅವನನ್ನು ಬೈದ ಸಿಟ್ಟಿನಲ್ಲೇ ನಾಲ್ಕು ಹೆಜ್ಜೆ ಹೋಯಿತು. ನೋಡುವಷ್ಟರಲ್ಲಿ ಆಚೆ ಇದ್ದೆ.

ಅಲ್ಲಿಂದ ತುದಿಗೆ ಇನ್ನು ಕೆಲವೇ ತಿರುವು. ಒಂದು ಶಿಲುಬೆ, ಪಕ್ಕದಲ್ಲಿ ಪುಟ್ಟ ಹೋಟೆಲು, ಬಿಸಿಲಿಗೆ ಹಾಕಿದ ಬೆಂಚುಗಳು. ಕೆಳಗೆ ಒಂದು ಪಕ್ಕ ಶ್ವೀಟ್ಸ್ ಪಟ್ಟಣ, ಸುಮಾರು ಸಾವಿರದ ನಾನೂರು ಮೀಟರ್ ಆಳದಲ್ಲಿ. ಇಡೀ ದೇಶಕ್ಕೆ ಹೆಸರು ಬಂದಿದ್ದು ಆ ಊರಿನಿಂದ. ಈ ದೇಶದ ಹುಟ್ಟಿಗೆ ಮೂಲ ಅನ್ನುವ 1291ರ ಒಪ್ಪಂದ ಪತ್ರ ಈಗಲೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಆಚೆಗೆ ಲವರ್ಟ್ಸ್ ಸರೋವರ, ಅದರಾಚೆ ರಿಗಿ. ರಿಗಿ ಇದಕ್ಕಿಂತ ನೂರು ಮೀಟರ್ ಗಿಡ್ಡ, ಅಲ್ಲಿಗೆ ರೈಲೇ ಹೋಗುತ್ತದೆ. ನಾವು ಸೂಪು ಕುಡಿದೆವು, ಒಳಗೆ ಬೀಜದ ಹೂರಣ ಇರುವ ನುಸ್‌ಗಿಪ್ಫೆಲ್ ತಿಂದೆವು, ಕಾಫಿ ಕುಡಿದೆವು. ಫೋಟೋ ತಮ್ಮ ತೆಗೆದ. ಎಲ್ಲದರಲ್ಲೂ ನಾನು ಬೆಂಚು ಹಿಡಿದುಕೊಂಡಿದ್ದೇನೆ.

ಇಳಿಯುವುದೇ ಕಷ್ಟದ ಕೆಲಸ ಅಂತ ಹಿಂದಿನ ಸಲ ತಿಳಿದಿತ್ತು. ಹತ್ತುವಾಗ ಕಣ್ಣ ಮುಂದೆ ಕಲ್ಲಿರುತ್ತದೆ, ಇಳಿಯುವಾಗ ಕಣ್ಣ ಮುಂದೆ ಆಳ. ಹೆದರಿದರೆ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಭಾರ ಹಿಮ್ಮಡಿಗೆ ಹೋಗುತ್ತದೆ, ಹಿಮ್ಮಡಿ ಜಾರುತ್ತದೆ. ನಾನು ಅವತ್ತು ಇಳಿದಿದ್ದು ಹಾಗೇ, ಅರ್ಧ ದಾರಿ ಕೂತುಕೊಂಡೇ. ಈ ಸಲ ಮಂಡಿ ಸ್ವಲ್ಪ ಬಗ್ಗಿಸಿ, ಪುಟ್ಟ ಪುಟ್ಟ ಹೆಜ್ಜೆ ಇಟ್ಟು, ಇಡೀ ಪಾದ ಊರಿದೆ. ನುಣ್ಣಗಾದ ಜಾಗ ಬಿಟ್ಟು ಅದರ ಪಕ್ಕದ ಒರಟು ಕಲ್ಲು ಹುಡುಕಿದೆ. ಎಲ್ಲರೂ ಕಾಲಿಡುವ ಜಾಗವೇ ಕೆಟ್ಟ ಜಾಗ ಇಲ್ಲಿ. ಒಂದು ತಿರುವಿನಲ್ಲಿ ಮೇಲಿನಿಂದ ಯಾರೋ ಒದ್ದ ಅಡಿಕೆಯಷ್ಟು ಕಲ್ಲು ಟಣ್ ಟಣ್ ಅಂತ ಬಂದು ನಮ್ಮ ಮುಂದೆ ಹಾರಿ ಹೋಯಿತು. ಕೂಗಿ ಎಚ್ಚರಿಸುವುದು ಒದ್ದವರ ಕೆಲಸ. ಯಾರೂ ಕೂಗಲಿಲ್ಲ. ಅಡಿಕೆಯಷ್ಟೇ ಇತ್ತು, ಸರಿ.

ತಮ್ಮ ತಿರುವುಗಳನ್ನು 47ರಿಂದ ಹಿಂದಕ್ಕೆ ಎಣಿಸುತ್ತ ಬಂದ. ಬುಡ ಮುಟ್ಟಿದಾಗ ಅವನ ಲೆಕ್ಕದಲ್ಲಿ ಇನ್ನೂ ಮೂರು ಉಳಿದಿತ್ತು. ನಾನು ಮಾತಾಡಿಸಿದ್ದಕ್ಕೇ ಲೆಕ್ಕ ತಪ್ಪಿತು ಅಂತ ಅವನ ವಾದ. ಮಧ್ಯಾಹ್ನದ ಹೊತ್ತಿಗೆ ದಾರಿ ನೆರಳಿಗೆ ಬಂದಿತ್ತು, ಪಡುವಣದ ಕಡೆ ಮೋಡ ಎದ್ದಿತ್ತು. ಕೇಬಲ್ ಕಾರಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಹೋಗುವವರಿದ್ದರೆ ಇನ್ನೊಂದು ಮಾತು. ರೇಗಾ ಅನ್ನುವ ಹೆಲಿಕಾಪ್ಟರ್ ರಕ್ಷಣೆಯವರ ನಂಬರು 1414, ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಹೆಲಿಕಾಪ್ಟರ್ ಬಂದಾಗ ಎರಡೂ ಕೈ ಮೇಲೆತ್ತಿ ಹರಡಿದರೆ ‘ಸಹಾಯ ಬೇಕು’ ಅಂತ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಮಾಡಿದರೆ ‘ಬೇಡ’ ಅಂತ. ಸುಮ್ನೆ ಖುಷಿಗೆ ಎರಡೂ ಕೈ ಬೀಸಿ ಟಾಟಾ ಮಾಡಬೇಡಿ.

ಹೋಲ್ಟ್ಸ್‌ಎಗ್‌ನ ಬೆಂಚಿನ ಮೇಲೆ ಶೂ ಬಿಚ್ಚಿ ಕೂತು ಊರಿಗೆ ವಿಡಿಯೋ ಕಾಲ್ ಮಾಡಿದೆವು. ತಮ್ಮ ಫೋನು ತಿರುಗಿಸಿ ಬೆಟ್ಟ ತೋರಿಸಿದ.

“ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ ಕಣಮ್ಮ.”

“ಹಾಗ್ ಕಾಣಲ್ವಲ್ಲೋ. ಮೇಲೆ ಯಾವ ದೇವರಿದೆ?”

“ಗುಡಿ ಇಲ್ಲಮ್ಮ. ಒಂದು ಶಿಲುಬೆ ಇದೆ. ಪಕ್ಕದಲ್ಲಿ ಹೋಟ್ಲಿದೆ.”

“ಹೋಟ್ಲಾ? ಅಷ್ಟು ಹತ್ತಿ ಏನ್ ಮಾಡಿದ್ರಿ?”

“ಕಾಫಿ ಕುಡಿದ್ವಿ.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, “ಹೇಗಿತ್ತು?”

“ನೀರು ನೀರು” ಅಂದ ತಮ್ಮ.